ಸೀಸದ ಗೆರೆ

“ಕೈ ಚಾಚೇ. ಇನ್ನೂ ಉದ್ದಕ್ಕೆ. ನಿನ್ನ ಕೈಯನ್ನೇನು ನಾನು ಕಚ್ಚಿ ತಿಂತೀನಾ?”

ಅತ್ತಿಗೆ ಬಲಗೈ ಚಾಚಿದಳು. ಯಜಮಾನ ಮೇಜಿನ ಮೇಲಿದ್ದ ಕಡುಹಸಿರು ಇಂಜಿನ್ನನ್ನು ಎತ್ತಿ ಅವಳ ಅಂಗೈ ಮೇಲೆ ನಿಲ್ಲಿಸಿದ. ಒಂದು ಗೇಣುದ್ದದ ಆಟದ ಇಂಜಿನ್ನು. ಅವನು ಕೈ ಬಿಟ್ಟದ್ದೇ ತಡ, ಅದರ ಎಂಟು ಚಕ್ರಗಳೂ ಚಟಚಟ ಎನ್ನತೊಡಗಿದವು. ಅತ್ತಿಗೆಯ ಮಣಿಕಟ್ಟಿನಲ್ಲಿ ಹುಟ್ಟಿದ ನಡುಕ ಬೆರಳಿಗಿಳಿದು ಇಂಜಿನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿತು.

“ನೋಡ್ರೋ ನೋಡ್ರೋ! ಕೀಲಿ ಕೊಡದೇನೇ ಓಡ್ತಾ ಇದೆ!”

ಕೋಣೆಯಲ್ಲಿದ್ದ ಹದಿನಾಲ್ಕು ಜನರೂ ನಕ್ಕರು. ನಾನೂ ತುಟಿ ಅಗಲಿಸಿದೆ. ಯಾರು ನಗಲಿಲ್ಲ ಎಂಬುದನ್ನು ಅವನು ನೋಡಿಟ್ಟುಕೊಳ್ಳುತ್ತಾನೆ.

“ಇದೇನೇ ಇದು?” ಇಂಜಿನ್ನಿನ ಹೊಟ್ಟೆಯ ಮೇಲಿನ ಹಳದಿ ಗೆರೆಗೆ ಉಗುರಿಟ್ಟು ಕೇಳಿದ. “ಗೆರೆನಾ, ಎರೆಹುಳ ಹರಿದಿದ್ದಾ? ಗಂಡ ಸತ್ತು ಹೋದ, ಕೇಳೋರಿಲ್ಲ ಅಂತ ಕುಡಿಯೋದು ಕಲಿತಿದ್ದೀಯೇನೇ ಮುಂಡೆ?”

“ಇಲ್ಲ ಯಜಮಾನ್ರೇ. ಕೈ ಸ್ವಾಧೀನ ತಪ್ತಾ ಇದೆ. ಹೊಟ್ಟೆನೂ ಹಿಂಡ್ತದೆ. ಎರಡು ದಿನ ರಜ ಕೊಟ್ರೆ…”

“ಎರಡು ದಿನ ಯಾಕೆ? ಇವತ್ತಿಂದ ಪೂರ್ತಿ ರಜ. ಎದ್ದೇಳು.”

ಅವಳು ಏಳಲಿಲ್ಲ. ಏಳಬೇಕಾದರೆ ಅಂಗೈ ಮೇಲಿನ ಇಂಜಿನ್ನನ್ನು ಯಾರಾದರೂ ತೆಗೆಯಬೇಕಿತ್ತು. ಬಿದ್ದು ಒಡೆದರೆ ಅದೂ ಅವಳ ತಲೆಗೇ. ಯಜಮಾನ ಜೇಬಿಗೆ ಕೈಯಿಟ್ಟು ನಿಂತು ನೋಡಿದ. ಚಕ್ರಗಳು ಚಟಚಟ ಎನ್ನುತ್ತಲೇ ಇದ್ದವು. ಕೊನೆಗೆ ಚಕ್ರ ಕೂರಿಸುವ ಚಕ್ರದಕ್ಕ ಎದ್ದು ಬಂದು, ಅವನ ಮುಖ ನೋಡದೆ, ಇಂಜಿನ್ನನ್ನು ಎತ್ತಿ ಮೇಜಿನ ಮೇಲಿಟ್ಟಳು.

*

ನಮ್ಮ ಕೋಣೆಯಲ್ಲಿ ಹಳೆಯ ರೈಲುಗಳು ಹೊಸದಾಗಿ ಹುಟ್ಟುತ್ತವೆ. ನೂರು ವರ್ಷದ ಹಿಂದೆ ಯಾವುದೋ ದೂರದ ಕಂಪನಿ ಶ್ರೀಮಂತರ ಮಕ್ಕಳಿಗೆಂದು ಮಾಡುತ್ತಿದ್ದ ಆಟದ ರೈಲುಗಳನ್ನು ಈಗ ಮುದುಕರು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಕೊಳ್ಳುವವರ ಆಸೆ ಮುಚ್ಚಿಲ್ಲ. ಹಾಗಾಗಿ ಎರಕದ ಮಾವ ಅಸಲಿ ಇಂಜಿನ್ನೊಂದರ ಅಚ್ಚು ತೆಗೆದು ಲೋಹ ಹೊಯ್ಯುತ್ತಾನೆ. ಚಕ್ರದಕ್ಕ ಚಕ್ರ ಕೂರಿಸುತ್ತಾಳೆ. ಹಸಿರು ಬಣ್ಣ ಒಣಗಿದ ಮೇಲೆ ಅತ್ತಿಗೆ ಹಳದಿ ಗೆರೆ ಎಳೆಯುತ್ತಿದ್ದಳು. ಆಮೇಲೆ ಉಪ್ಪುನೀರು, ಚಹಾದ ಡಿಕಾಕ್ಷನ್ನು, ಬೂದಿ, ಒದ್ದೆ ಮರಳು. ಹನ್ನೊಂದು ದಿನದಲ್ಲಿ ಇಂಜಿನ್ನಿಗೆ ನೂರು ವರ್ಷ ತುಂಬುತ್ತದೆ.

ಉಳಿದವರು ಯಾರಾದರೂ ಹೋದರೆ ಇನ್ನೊಬ್ಬರು ಬರುತ್ತಿದ್ದರು. ಅತ್ತಿಗೆಯ ಕೆಲಸ ಹಾಗಲ್ಲ. ತಲೆಗೂದಲಿನಷ್ಟು ಸಣ್ಣ ಗೆರೆ, ಇಂಜಿನ್ನಿನ ಉಬ್ಬಿದ ಹೊಟ್ಟೆಯ ಸುತ್ತ ಒಂದೇ ಉಸಿರಿಗೆ ಸುತ್ತಿ ಬಂದು ಹೊರಟಲ್ಲಿಗೇ ಸೇರಬೇಕು. ಸೇರಿದ ಜಾಗ ಕಾಣಬಾರದು. ಅದಕ್ಕೆ ಕುಂಚದ ತುದಿ ಸೂಜಿಯಂತಿರಬೇಕು. ಎರಡು ಗೆರೆಗೊಮ್ಮೆ ಕೂದಲು ಕೆದರುತ್ತದೆ. ಆಗ ಕುಂಚವನ್ನು ಬಾಯಿಗಿಟ್ಟು, ತುಟಿ ಬಿಗಿಹಿಡಿದು, ನಾಲಿಗೆಯ ಮೇಲೆ ತಿರುವಿ ಹೊರಗೆಳೆಯಬೇಕು. ನಮ್ಮಲ್ಲಿ ಅದಕ್ಕೆ ‘ತುದಿ ಮಾಡೋದು’ ಎನ್ನುತ್ತಾರೆ. ಬಟ್ಟೆಯಲ್ಲಿ ಒರೆಸಿದರೆ ಅಷ್ಟು ಸಣ್ಣ ತುದಿ ಬರುವುದಿಲ್ಲ. ಸೇರಿದ ಹೊಸದರಲ್ಲಿ ಅತ್ತಿಗೆ ಬಟ್ಟೆಯಲ್ಲಿ ಒರೆಸಿಕೊಂಡಿದ್ದಕ್ಕೆ ಯಜಮಾನ ಆ ಬಟ್ಟೆಯನ್ನೇ ಕಿತ್ತು ಒಲೆಗೆ ಹಾಕಿದ್ದನಂತೆ. “ದೇವರು ಬಾಯಿ ಯಾಕೆ ಕೊಟ್ಟಿದ್ದಾನೆ, ಬರೀ ಉಣ್ಣೋಕಾ?” ಅಂದಿದ್ದನಂತೆ. ಹದಿನಾರು ವರ್ಷ ಅವಳು ತುದಿ ಮಾಡಿದಳು. ಮನೆಗೆ ಬಂದರೂ ಅವಳ ನಾಲಿಗೆಯ ನಡುವೆ ಹಳದಿ ಕಲೆ ಇರುತ್ತಿತ್ತು. ಅಣ್ಣ ಬದುಕಿದ್ದಾಗ, “ಏನೇ, ಬಾಯಲ್ಲೇ ಬಂಗಾರ ಇಟ್ಕೊಂಡಿದ್ದೀಯ” ಎಂದು ರೇಗಿಸುತ್ತಿದ್ದ.

ನಾನು ಕಾಗದದವಳು. ಎರಡು ವರ್ಷ ಕಾಲೇಜಿಗೆ ಹೋಗಿ, ಅಣ್ಣ ಸತ್ತ ಮೇಲೆ ಬಿಟ್ಟು, ಅತ್ತಿಗೆಯ ಹಿಂದೆಯೇ ಇಲ್ಲಿಗೆ ಬಂದವಳು. ಯಜಮಾನ ನನ್ನನ್ನು ಕರೆಯುವುದೇ ‘ಕಾಲೇಜು’ ಎಂದು. ಒಂದೊಂದು ಇಂಜಿನ್ನಿನ ಜೊತೆಗೂ ಒಂದೊಂದು ಹಳೆಯ ಕಾಗದ ಬೇಕು. ಎಂದೂ ಇಲ್ಲದ ತಾತ ಎಂದೂ ಇಲ್ಲದ ಮೊಮ್ಮಗನಿಗೆ ಬರೆದದ್ದು. ‘ಚಿರಂಜೀವಿಗೆ, ಈ ರೈಲನ್ನು ಜೋಪಾನ ಮಾಡು, ಚಕ್ರಕ್ಕೆ ಎಣ್ಣೆ ಬಿಡುವುದನ್ನು ಮರೆಯಬೇಡ.’ ಅಂಥ ಕಾಗದ ಬರೆದು ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸುತ್ತೇನೆ. ಮಾರಾಟದ ದಿನ ಒಳ್ಳೆಯ ಬಟ್ಟೆ ಉಟ್ಟು, ಮನೆಯ ಮುಂಭಾಗದ ಕೋಣೆಯಲ್ಲಿ, ಮನೆತನ ಇಳಿದುಹೋಗಿ ತಾತನ ರೈಲು ಮಾರಬೇಕಾಗಿ ಬಂದ ಮೊಮ್ಮಗಳಾಗಿ ಕೂರುತ್ತೇನೆ. ಕಣ್ಣೀರು ಬರಿಸಬಾರದು, ಬರುವ ಹಾಗಿರಬೇಕು. ಅದು ಯಜಮಾನ ಹೇಳಿಕೊಟ್ಟದ್ದು.

*

ಆಸ್ಪತ್ರೆಯ ಡಾಕ್ಟರಮ್ಮ ಅತ್ತಿಗೆಯ ಕೈ ನೋಡಿದರು. ಅಂಗೈ ಕೆಳಗೆ ಮಾಡಿ ಚಾಚಿದರೆ ಮಣಿಕಟ್ಟು ಎತ್ತಲಾಗದೆ ಸೋತು ಬೀಳುತ್ತಿತ್ತು. ಆಮೇಲೆ ಕಡ್ಡಿಯಿಂದ ತುಟಿ ಎತ್ತಿ ಟಾರ್ಚು ಬಿಟ್ಟರು. ನಾನೂ ಬಗ್ಗಿ ನೋಡಿದೆ. ಒಸಡಿನ ಅಂಚಿಗೆ, ಹಲ್ಲುಗಳ ಬುಡದುದ್ದಕ್ಕೂ ಒಂದು ನೀಲಿಗಪ್ಪು ಗೆರೆ. ಸಣ್ಣದು, ಸಮವಾದದ್ದು, ಎಲ್ಲೂ ತುಂಡಾಗಿರಲಿಲ್ಲ.

“ಸೀಸದ ಕೆಲಸ ಮಾಡ್ತೀರಾ? ಬ್ಯಾಟರಿ ಕಾರ್ಖಾನೆ?”

“ಇಲ್ಲಮ್ಮ. ಆಟದ ರೈಲಿಗೆ ಬಣ್ಣ ಹಾಕೋದು.”

“ಯಾವ ಬಣ್ಣ? ಮಕ್ಕಳ ಸಾಮಾನಿನ ಬಣ್ಣಕ್ಕೆ ಸೀಸ ಹಾಕೋ ಹಾಗಿಲ್ಲ ಈಗ. ಕಾನೂನಿದೆ.”

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ.

ಆ ಪದ ನನಗೆ ಹೊಸದಲ್ಲ. ಮಾರಾಟದ ದಿನ ಕೊಳ್ಳುವವರು ಚಿಕ್ಕ ಹತ್ತಿ ಕಡ್ಡಿ ತರುತ್ತಾರೆ. ಅದಕ್ಕೆ ಯಾವುದೋ ದ್ರವ ಹಚ್ಚಿ ಇಂಜಿನ್ನಿನ ಗೆರೆಯ ಮೇಲೆ ಉಜ್ಜುತ್ತಾರೆ. ಬಣ್ಣದಲ್ಲಿ ಸೀಸ ಇದ್ದರೆ ಹತ್ತಿ ಕೆಂಪಾಗುತ್ತದೆ. ಕೆಂಪಾದರೆ ಹಳೆಯದು. ಈಗಿನ ನಕಲಿಯಾದರೆ ಸೀಸ ಎಲ್ಲಿಂದ ಬರಬೇಕು ಎಂಬುದು ಅವರ ಲೆಕ್ಕ. ಯಜಮಾನನಿಗೆ ಆ ಲೆಕ್ಕ ಗೊತ್ತು. ಹಾಗಾಗಿ ಹೆಸರಿಲ್ಲದ ಡಬ್ಬಿಗಳಲ್ಲಿ ಎಲ್ಲಿಂದಲೋ ಸೀಸದ ಬಣ್ಣ ತರಿಸುತ್ತಾನೆ. ಹತ್ತಿ ಕೆಂಪಾದಾಗ ಮೊಮ್ಮಗಳ ದನಿಯಲ್ಲಿ ನಾನೇ ಎಷ್ಟು ಸಲ ಹೇಳಿದ್ದೆ, “ಆಗಿನ ಕಾಲದ ಸೀಸದ ಬಣ್ಣ ಸಾರ್, ಈಗ ಕಣ್ಣಿಗೂ ಸಿಗಲ್ಲ” ಎಂದು. ಹೇಳಿ ಒಳಗೆ ಬಂದರೆ ಗೋಡೆಯ ಈಚೆ ಅತ್ತಿಗೆ ತುದಿ ಮಾಡುತ್ತಾ ಕೂತಿರುತ್ತಿದ್ದಳು. ಆ ಎರಡನ್ನೂ ನಾನು ಒಂದು ದಿನವೂ ಕೂಡಿಸಿ ನೋಡಿರಲಿಲ್ಲ.

“ರಕ್ತದಿಂದ ಸೀಸ ತೆಗೆಯೋ ಔಷಧಿ ಇದೆ,” ಎಂದರು ಡಾಕ್ಟರಮ್ಮ. “ಆದ್ರೆ ಅದನ್ನ ಕೆಲಸದಿಂದ ಕಾಯಿಲೆ ಬಿದ್ದವರ ವಾರ್ಡಿನಲ್ಲಿ ಮಾತ್ರ ಕೊಡೋದು. ಅಲ್ಲಿಗೆ ಸೇರಿಸ್ಕೋಬೇಕಾದ್ರೆ ಯಾವ ಬಣ್ಣ, ಎಷ್ಟು ವರ್ಷ ಅಂತ ಕೆಲಸದ ಜಾಗದಿಂದ ಒಂದು ಕಾಗದ ಬೇಕು. ಬೇಗ ತನ್ನಿ. ಕೈ ಆಯ್ತು, ಮುಂದೆ ತಲೆಗೆ ಹೋದ್ರೆ ಕಷ್ಟ.”

ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಹತ್ತಿ, ಕೆಂಪು, ಡಬ್ಬಿ, ನನ್ನ ಮಾತು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಕೈಯನ್ನೇ ನೋಡಿದಳು.

“ಅವನಿಗೆ ಗೊತ್ತಿತ್ತು,” ಎಂದಳು.

“ಗೊತ್ತಿತ್ತು ಅತ್ತಿಗೆ.”

“ಗೊತ್ತಿದ್ದೂ ಆವತ್ತು ನನ್ನ ಕೈ ಮೇಲೆ ಇಂಜಿನ್ನು ನಿಲ್ಲಿಸಿ ನಗಿಸಿದ.”

*

ಕಾಗದ ಕೇಳಲು ನಾವಿಬ್ಬರೂ ಹೋದೆವು. ಯಜಮಾನ ಊಟಕ್ಕೆ ಕೂತಿದ್ದ. ನಿಲ್ಲಿಸಿಯೇ ಮಾತಾಡಿಸಿದ.

“ಎಂಥ ಕಾಗದ? ಯಾವ ಕಾರ್ಖಾನೆ? ಇದು ನನ್ನ ಮನೆ ಕಣೇ. ಬೋರ್ಡು ಇದೆಯಾ ಬಾಗಿಲ ಮೇಲೆ? ಹಾಜರಿ ಪುಸ್ತಕ ಇದೆಯಾ? ನೀನು ಯಾರು ಅಂತಾನೇ ನಂಗೆ ಗೊತ್ತಿಲ್ಲ.”

“ಹದಿನಾರು ವರ್ಷ ಯಜಮಾನ್ರೇ…”

“ಹದಿನಾರು ವರ್ಷ ನನ್ನ ಅನ್ನ ತಿಂದೆ. ಅದಕ್ಕೆ ಈ ಉಪಕಾರನಾ? ಕಾಗದ ಕೊಟ್ಟು ನನ್ನ ಕೈಗೆ ನಾನೇ ಬೇಡಿ ಹಾಕ್ಕೊಳ್ಳಾ? ಬಣ್ಣ ನೆಕ್ಕು ಅಂತ ನಾನು ಹೇಳಿದ್ನಾ? ಆಸೆಬುರುಕ ಮುಂಡೆ, ರುಚಿ ಸಿಕ್ತು, ನೆಕ್ಕಿದೆ.” ಬೆರಳು ಚೀಪಿ ನನ್ನ ಕಡೆ ತಿರುಗಿದ. “ಏ ಕಾಲೇಜು, ಭಾನುವಾರ ದೊಡ್ಡ ಮಾರಾಟ. ನಾಲ್ಕು ಜನ ಬರ್ತಾರೆ, ಎಲ್ಲಾ ಘಟಾನುಘಟಿಗಳು. ಹತ್ತು ಗಂಟೆಗೆಲ್ಲ ಮುಂದಿನ ಕೋಣೆಯಲ್ಲಿರ್ಬೇಕು. ಈ ನಡುಕದ ಗಿರಾಕಿನ ಮನೇಲೇ ಕಟ್ಟಾಕಿ ಬಾ.”

ಬರುವ ದಾರಿಯಲ್ಲಿ ನಾನು ಹೇಳಿದೆ, “ಅತ್ತಿಗೆ, ಕಾಗದ ನಾನೇ ಬರೆದುಬಿಡ್ತೀನಿ. ಅವನ ಸಹಿ ನಂಗೆ ಚೆನ್ನಾಗಿ ಬರ್ತದೆ. ನೂರಾರು ಸತ್ತವರ ಸಹಿ ಹಾಕಿದ್ದೀನಿ, ಬದುಕಿರೋ ಇವನದೇನು ಮಹಾ.”

ಅವಳು ನಡು ರಸ್ತೆಯಲ್ಲೇ ನಿಂತಳು.

“ಆಸ್ಪತ್ರೆಯವರು ಬಂದು ಕೇಳಿದ್ರೆ ಅವನು ಇಲ್ಲ ಅಂತಾನೆ. ಆಮೇಲೆ? ಹದಿನಾರು ವರ್ಷ ನಕಲಿ ಮಾಡಿದ್ದು ಸಾಕು ಕಣೇ. ನನ್ನ ಕಾಯಿಲೆನೂ ನಕಲೀನಾ? ಅವನೇ ಸಹಿ ಹಾಕ್ಬೇಕು. ಅವನ ಬಾಯಿಂದಾನೇ ಬರ್ಬೇಕು.”

“ಹೇಗೆ ಬರ್ತದೆ?”

“ಬರಿಸೋಣ,” ಎಂದಳು. ಅಣ್ಣ ಸತ್ತ ಮೇಲೆ ಅವಳು ನಕ್ಕದ್ದನ್ನು ಅಂದೇ ನೋಡಿದ್ದು. “ಮಾರಾಟದ ದಿನ ಒಳಗಿನ ಬಾಗಿಲಿಗೆ ಚಿಲಕ ಹಾಕೋದು ಯಾವ ಕಡೆಯಿಂದ?”

“ಮುಂದಿನ ಕೋಣೆ ಕಡೆಯಿಂದ.”

“ನೀನು ಕೂರೋ ಕಡೆಯಿಂದ.”

*

ಭಾನುವಾರ ಬೆಳಗ್ಗೆ ನಾನು ಮೊಮ್ಮಗಳಾಗಿ ಕೂತೆ. ಎದುರಿನ ಉದ್ದ ಮೇಜಿನ ಮೇಲೆ ಇಪ್ಪತ್ತೆರಡು ಇಂಜಿನ್ನುಗಳು, ಅವುಗಳ ಹಿಂದೆ ಬೋಗಿಗಳು. ಕೊಳ್ಳಲು ಬಂದ ನಾಲ್ವರೂ ವಯಸ್ಸಾದ ಗಂಡಸರು. ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಭೂತಗನ್ನಡಿ. ಅವರಲ್ಲಿ ದೊಡ್ಡವನು ಬೆಳ್ಳಿ ಹಿಡಿಯ ಕೋಲಿನವನು. ಅವನು ಹೂಂ ಎಂದರೆ ಉಳಿದವರೂ ಹೂಂ ಎನ್ನುತ್ತಾರೆ. ಒಳಗಿನ ಬಾಗಿಲಿಗೆ ಯಜಮಾನನೇ ಚಿಲಕ ಹಾಕಿದ. ಮಾರಾಟದ ದಿನ ಒಳಗಿನವರು ಕೆಮ್ಮುವಂತೆಯೂ ಇಲ್ಲ. ಆದರೂ ರಜ ಕೊಡುವುದಿಲ್ಲ. ಸದ್ದಾಗದ ಕೆಲಸ ಮಾಡುತ್ತಾ ಕೂತಿರಬೇಕು. ಅಂದು ಬೆಳಗ್ಗೆಯೇ ಎರಕದ ಮಾವ ಹಿಂದಿನ ಗಲ್ಲಿಯಿಂದ ಅತ್ತಿಗೆಯನ್ನು ಒಳಗೆ ಬಿಟ್ಟಿದ್ದ.

ನನ್ನ ಕುರ್ಚಿಯಿಂದ ಚಿಲಕಕ್ಕೆ ಆರು ಹೆಜ್ಜೆ. ಬಂದಾಗಿನಿಂದ ನಾನು ಅದನ್ನೇ ಅಳೆಯುತ್ತಿದ್ದೆ. ಅಂಗೈ ಬೆವರಿ ತಾತನ ಕಾಗದ ಒದ್ದೆಯಾಗಿತ್ತು.

ಕೋಲಿನವನು ಹತ್ತಿ ಕಡ್ಡಿ ತೆಗೆದು ಮೊದಲ ಇಂಜಿನ್ನಿನ ಗೆರೆಯ ಮೇಲೆ ಉಜ್ಜಿದ. ಎಲ್ಲರೂ ಬಗ್ಗಿದರು. ಹತ್ತಿ ನಿಧಾನವಾಗಿ ಕೆಂಪಾಯಿತು.

“ಆಹಾ,” ಎಂದ. “ಸೀಸ. ಈ ಗೆರೆ ನೋಡ್ರಿ ಸ್ವಾಮಿ! ಎಲ್ಲಿ ಶುರುವಾಯ್ತು, ಎಲ್ಲಿ ಮುಗೀತು, ದೇವರಾಣೆ ಗೊತ್ತಾಗಲ್ಲ. ಇಂಥ ಕೈ ಈಗ ಯಾರಿಗಿದೆ? ಆ ಪೀಳಿಗೆನೇ ಹೋಯ್ತು.”

“ಹೋಯ್ತು ಸಾರ್, ಹೋಯ್ತು,” ಎಂದ ಯಜಮಾನ. ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅದು ನನ್ನ ಮಾತಿನ ಸರದಿ.

ನಾನು ಎದ್ದೆ. “ತಾತನ ಫೋಟೋ ಒಂದಿದೆ, ತರ್ತೀನಿ,” ಎಂದೆ. ಯಜಮಾನನ ಹುಬ್ಬು ಇಳಿಯಿತು. ಅವನು ಹೇಳಿಕೊಟ್ಟದ್ದರಲ್ಲಿ ಫೋಟೋ ಇರಲಿಲ್ಲ. ಆರು ಹೆಜ್ಜೆಯಲ್ಲಿ ಮೂರನ್ನು ನಡೆದೆ, ಮೂರನ್ನು ಓಡಿದೆ. ಚಿಲಕ ಬಿಗಿಯಾಗಿತ್ತು. ಎರಡೂ ಕೈಯಿಂದ ಎಳೆದೆ.

ಮೊದಲು ಬಂದವಳು ಚಕ್ರದಕ್ಕ. ಯಾರನ್ನೂ ನೋಡದೆ ಕೋಣೆ ದಾಟಿ ಬೀದಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹಿಂದೆಯೇ ಎರಕದ ಮಾವ, ಅವನ ಹಿಂದೆ ಉಳಿದವರು, ಕೈಗೆಲ್ಲ ಬೂದಿ ಮೆತ್ತಿಕೊಂಡವರು. ಕೊನೆಯಲ್ಲಿ ಅತ್ತಿಗೆ. ಎಡಗೈಯಲ್ಲಿ ಹಳದಿ ಬಣ್ಣದ ಡಬ್ಬಿಯನ್ನು ಎದೆಗವಚಿಕೊಂಡಿದ್ದಳು. ಕುಂಚ ಡಬ್ಬಿಯೊಳಗಿತ್ತು.

“ಯಾರೇ ನೀನು? ಯಾರು ಬಿಟ್ಟಿದ್ದು ಈ ಹುಚ್ಚೀನ ಒಳಗೆ?” ಯಜಮಾನ ಎದ್ದ. ಎರಕದ ಮಾವ ಅವನ ಭುಜದ ಮೇಲೆ ಕೈಯಿಟ್ಟ. ಮೂವತ್ತು ವರ್ಷ ಕಾದ ಲೋಹದ ಸೌಟು ಹಿಡಿದ ಕೈ ಅದು. ಯಜಮಾನ ಕೂತ.

ಅತ್ತಿಗೆ ಕೋಲಿನವನ ಮುಂದೆ ಡಬ್ಬಿ ಇಟ್ಟಳು. “ಸಾಮಿ, ನಿಮ್ಮ ಹತ್ತಿ ಇನ್ನೊಂದಿದ್ರೆ ಇದಕ್ಕೂ ಹಚ್ಚಿ ನೋಡಿ. ಮೊನ್ನೆ ಮೊನ್ನೆ ಮುಚ್ಚಳ ತೆಗೆದ ಡಬ್ಬಿ. ಇನ್ನೂ ಹಸೀನೇ ಇದೆ.”

ಅವನು ಹಚ್ಚಿದ. ಹತ್ತಿ ಈ ಸಲ ನಿಧಾನ ಮಾಡಲಿಲ್ಲ. ರಕ್ತಕ್ಕೆ ಅದ್ದಿ ತೆಗೆದಂತಾಯಿತು.

ನಾಲ್ವರೂ ಒಟ್ಟಿಗೆ ಮಾತಾಡತೊಡಗಿದರು. ಹೋದ ವರ್ಷ ಕೊಂಡವು, ಅದರ ಹಿಂದಿನ ವರ್ಷ ಕೊಂಡವು, ಗಾಜಿನ ಬೀರುವಿನಲ್ಲಿ ಇಟ್ಟವು, ಅಳಿಯನಿಗೆ ಉಡುಗೊರೆ ಕೊಟ್ಟದ್ದು. “ಕಳ್ಳ ಬೋಳಿಮಗನೇ,” ಎಂದ ಕೋಲಿನವನು. ಅಂಥ ಬಾಯಿಯಿಂದ ಆ ಮಾತು ಅಷ್ಟು ಸಲೀಸಾಗಿ ಬರುತ್ತದೆಂದು ನಾನು ತಿಳಿದಿರಲಿಲ್ಲ. “ನಮ್ಮನ್ನೆಲ್ಲ ಪೆದ್ದರನ್ನ ಮಾಡಿದ್ಯಲ್ಲೋ. ಪೊಲೀಸರನ್ನ ಕರೀತೀನಿ.”

“ಕರೀರಿ ಸಾಮಿ, ಆಮೇಲೆ ಕರೀರಿ,” ಎಂದಳು ಅತ್ತಿಗೆ. “ಮೊದಲು ನನ್ನದು. ನೀವು ಮೆಚ್ಚಿದ್ರಲ್ಲ ಆ ಗೆರೆ, ಎಳೆದೋಳು ನಾನು. ಆ ಪೀಳಿಗೆ ಹೋಗಿಲ್ಲ, ಹೋಗ್ತಾ ಇದೆ. ಇವರು ಒಂದು ಕಾಗದಕ್ಕೆ ಸಹಿ ಹಾಕಿದ್ರೆ ಔಷಧಿ ಸಿಗ್ತದೆ.”

“ಸುಳ್ಳು ಸಾರ್! ಅದು ಮಾಮೂಲಿ ಬಣ್ಣ,” ಯಜಮಾನ ಕೂತಲ್ಲಿಂದಲೇ ಕೂಗಿದ. “ಅಂಗಡೀಲಿ ಸಿಗೋ ಬಣ್ಣ. ಈ ಸೂಳೆ ಏನೋ ಬೆರೆಸಿಕೊಂಡು ಬಂದಿದ್ದಾಳೆ. ಬಣ್ಣದಿಂದ ಯಾರಿಗೂ ಏನೂ ಆಗಿಲ್ಲ, ಏನೂ ಆಗಲ್ಲ!”

ಅತ್ತಿಗೆ ಡಬ್ಬಿಯಿಂದ ಕುಂಚ ತೆಗೆದಳು. ಬಲಗೈ ನಡುಗುತ್ತಿತ್ತು. ಎಡಗೈಯಿಂದ ಬಲಮಣಿಕಟ್ಟನ್ನು ಹಿಡಿದುಕೊಂಡು ಅವನ ಬಾಯಿಯ ಹತ್ತಿರ ತಂದಳು.

“ಏನೂ ಆಗಲ್ವಾ? ಹಾಗಾದ್ರೆ ತುದಿ ಮಾಡಿ ಯಜಮಾನ್ರೇ.”

ಅವನು ಮುಖ ಹಿಂದಕ್ಕೆಳೆದ. ಕುರ್ಚಿಯ ಬೆನ್ನು ಗೋಡೆಗೆ ತಾಗಿತು.

“ದೇವರು ಬಾಯಿ ಕೊಟ್ಟಿದ್ದಾನಲ್ಲ. ತುಟಿ ಬಿಗಿ ಹಿಡೀರಿ, ನಾಲಿಗೆ ಮೇಲೆ ಒಂದು ಸಲ ತಿರುಗಿಸಿ. ಅಷ್ಟೇ. ನಾನು ದಿನಕ್ಕೆ ನೂರು ಸಲ ಮಾಡ್ತಿದ್ದೆ.”

ಕುಂಚ ಅವನ ಕೆಳತುಟಿಗೆ ತಾಗಿತು. ಅವನು ಕಿರುಚಿದ, “ತೆಗಿಯೇ! ತೆಗಿ ಅತ್ಲಾಗೆ! ವಿಷ ಕಣೇ ಅದು, ವಿಷ!”

ಅತ್ತಿಗೆ ನನ್ನ ಕಡೆ ತಿರುಗಿದಳು.

“ಬರ್ಕೋ.”

ತಾತನ ಕಾಗದವನ್ನು ಮಗುಚಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದೆ. ಇದುವರೆಗೆ ಅಂದವಾಗಿಯೇ ಬರೆದವಳು ನಾನು, ಈಗ ಅವಸರದಲ್ಲಿ ನನ್ನ ಅಕ್ಷರ ಕೆಟ್ಟವು. ‘ಈ ಹೆಂಗಸು ನನ್ನಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದಾಳೆ. ನಾನು ಕೊಟ್ಟ ಬಣ್ಣದಲ್ಲಿ ಸೀಸ ಇತ್ತು. ಅದು ವಿಷವೆಂದು ನನಗೆ ಗೊತ್ತಿತ್ತು.’ ಗಟ್ಟಿಯಾಗಿ ಓದಿ, ಅವನ ಮುಂದೆ ಇಟ್ಟೆ.

“ಸಹಿ ಹಾಕು,” ಎಂದ ಕೋಲಿನವನು. ಅವನ ಕೋಪ ಅವನದು. ಅತ್ತಿಗೆಯ ಕಡೆ ಅವನು ಒಮ್ಮೆಯೂ ನೋಡಿರಲಿಲ್ಲ. “ಹಾಕಿ ಮುಗಿಸು. ಆಮೇಲೆ ನಮ್ಮ ವಿಷಯಕ್ಕೆ ಬಾ.” ಜೇಬಿನಿಂದ ಪೆನ್ನು ತೆಗೆದ.

“ನಿಮ್ಮ ಪೆನ್ನು ನಿಮ್ಮ ಜೇಬಲ್ಲೇ ಇರ್ಲಿ ಸಾಮಿ,” ಎಂದಳು ಚಕ್ರದಕ್ಕ ಬಾಗಿಲಿನಿಂದ. “ಇಲ್ಲಿ ನಾವು ಪೆನ್ನು ಬಳಸೋದು ಕಮ್ಮಿ.”

ಅತ್ತಿಗೆ ಕುಂಚವನ್ನು ಡಬ್ಬಿಯಲ್ಲಿ ಅದ್ದಿ ಯಜಮಾನನ ಬೆರಳುಗಳ ನಡುವೆ ಇಟ್ಟಳು. ಅವನು ಕಾಗದಕ್ಕೆ ಊರಿದ. ಕೂದಲು ಕೆದರಿ ಒಂದು ಹಳದಿ ಮುದ್ದೆ ಬಿತ್ತು. ಇನ್ನೊಂದು ಕಡೆ ಊರಿದ. ಇನ್ನೊಂದು ಮುದ್ದೆ. ಬೆರಳಿನಿಂದ ಕೂದಲು ಸರಿಮಾಡಿ ಎಳೆದ. ಗೆರೆ ಎರಡಾಗಿ ಸೀಳಿತು. ಅಂಗಿಯ ತೋಳಿಗೆ ಒರೆಸಹೋದ. ಎರಕದ ಮಾವ ಆ ಕೈಯನ್ನು ಹಿಡಿದು ಮೇಜಿನ ಮೇಲಕ್ಕೆ ತಂದ.

“ಇದು ಸಹಿನಾ?” ಅತ್ತಿಗೆ ಬಗ್ಗಿ ನೋಡಿದಳು. “ಆಸ್ಪತ್ರೆಯವರು ಒಪ್ಪಲ್ಲ. ಹೆಸರು ಓದೋಕೆ ಬರ್ಬೇಕು. ತುದಿ ಇಲ್ದೆ ಗೆರೆ ಬರಲ್ಲ ಯಜಮಾನ್ರೇ, ನೀವೇ ಕಲಿಸಿದ್ದು.”

ಯಜಮಾನ ಕೋಲಿನವನನ್ನು ನೋಡಿದ. ಅವನು ತನ್ನ ಹತ್ತಿ ಕಡ್ಡಿಗಳನ್ನು ಒಂದೊಂದಾಗಿ ಪೊಟ್ಟಣಕ್ಕೆ ತುಂಬುತ್ತಿದ್ದ. ಉಳಿದ ಮೂವರೂ ಇಂಜಿನ್ನುಗಳನ್ನು ನೋಡುತ್ತಿದ್ದರು. ಕೊನೆಗೆ ಅವನು ನನ್ನನ್ನು ನೋಡಿದ. “ಏ ಕಾಲೇಜು,” ಎಂದ ಸಣ್ಣ ದನಿಯಲ್ಲಿ, “ನೀನಾದ್ರೂ ಹೇಳಮ್ಮ. ಓದಿದೋಳು ನೀನು.”

ನಾನು ಕಾಗದವನ್ನು ಅವನ ಕಡೆಗೆ ಇನ್ನಷ್ಟು ಸರಿಸಿ, ಒದ್ದೆಯಾಗದ ಜಾಗವನ್ನು ಬೆರಳಿಟ್ಟು ತೋರಿಸಿದೆ.

ಅವನು ಕುಂಚ ಎತ್ತಿದ. ಅದರಿಂದ ಒಂದು ಹನಿ ಅವನ ಎದೆಯ ಮೇಲೆ ಬಿತ್ತು. ಕೋಣೆಯಲ್ಲಿ ಒಬ್ಬರೂ ನಗಲಿಲ್ಲ. ಅವನ ತುಟಿ ತೆರೆದುಕೊಂಡಿತು.